ಖಾಸಗಿ ಫೋಟೊ, ವಿಡಿಯೊ ಹರಿದಾಡ್ತಿದೆಯಾ? ಡಿಲೀಟ್ ಮಾಡೋಕೂ ಮುಂಚೆ ಇದನ್ನ ಓದಿ

ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ವಿಡಿಯೊ ಬಂದು ಬೀಳುತ್ತೆ. ಅದರಲ್ಲಿರೋದು ಪಕ್ಕದ ಬೀದಿಯ ಹುಡುಗಿ. ಕೆಲವರು ನೋಡಿ ಸುಮ್ಮನಾಗ್ತಾರೆ, ಕೆಲವರು ಇನ್ನೊಂದು ಗ್ರೂಪಿಗೆ ದಾಟಿಸ್ತಾರೆ. ವಿಷಯ ಮನೆಗೆ ಮುಟ್ಟಿದ ಕೂಡಲೇ ಹೆಚ್ಚಿನ ಕಡೆ ಆಗೋದೇನು? ಹುಡುಗಿ ಕೈಯಿಂದ ಫೋನ್ ಕಿತ್ತುಕೊಂಡು ಚಾಟ್, ಅಕೌಂಟ್ ಎಲ್ಲ ಡಿಲೀಟ್ ಮಾಡಿಬಿಡ್ತಾರೆ. ಇದರಿಂದ ಅನುಕೂಲ ಆಗೋದು ವಿಡಿಯೊ ಹರಿಬಿಟ್ಟವನಿಗೇ. ಅವನ ವಿರುದ್ಧ ಇದ್ದ ಸಾಕ್ಷ್ಯ ಆ ಫೋನಿನಲ್ಲೇ ಇತ್ತು.

ಹಾಗಾಗಿ ಮೊದಲು ಮಾಡಬೇಕಾದ್ದು ಸಾಕ್ಷ್ಯ ಉಳಿಸಿಕೊಳ್ಳೋದು. ಬರೀ ಫೋಟೊದ ಸ್ಕ್ರೀನ್‌ಶಾಟ್ ಸಾಲದು. ಕಳಿಸಿದ ನಂಬರ್, ಪ್ರೊಫೈಲ್ ಹೆಸರು, ದಿನಾಂಕ, ಸಮಯ, ಗ್ರೂಪಿನ ಹೆಸರು, ಅಡ್ಮಿನ್ ಯಾರು ಅನ್ನೋದೆಲ್ಲ ಕಾಣಬೇಕು. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಆದ್ರೆ ಪೋಸ್ಟಿನ ಲಿಂಕ್ ಮತ್ತು ಪ್ರೊಫೈಲಿನ ಲಿಂಕ್ ಎರಡನ್ನೂ ಕಾಪಿ ಮಾಡಿ ಇಟ್ಟುಕೊಳ್ಳಿ. ಪ್ರೊಫೈಲ್ ಹೆಸರು ಬದಲಾಯಿಸೋಕೆ ಅವರಿಗೆ ಒಂದು ನಿಮಿಷ ಸಾಕು. ಒಂದೇ ಸಲ ತೆರೆಯೋ 'ವ್ಯೂ ಒನ್ಸ್' ಮೆಸೇಜ್ ಸ್ಕ್ರೀನ್‌ಶಾಟ್‌ಗೆ ಸಿಗೋದಿಲ್ಲ, ಇನ್ನೊಂದು ಫೋನಿನಿಂದ ಫೋಟೊ ತೆಗೀಬೇಕು. ಬೆದರಿಸ್ತಿರೋನನ್ನ ಬ್ಲಾಕ್ ಮಾಡೋದಿದ್ರೆ ಮಾಡಿ, ಚಾಟ್ ಮಾತ್ರ ಅಳಿಸಬೇಡಿ. ಆ ಫೋನನ್ನ ಮಾರೋದಾಗಲಿ, ರೀಸೆಟ್ ಮಾಡೋದಾಗಲಿ ಬೇಡ.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ. ದೃಶ್ಯದಲ್ಲಿರೋರು 18 ವರ್ಷದೊಳಗಿನವರಾದ್ರೆ ಸ್ಕ್ರೀನ್‌ಶಾಟ್ ತೆಗೀಬೇಡಿ, ಸೇವ್ ಮಾಡಬೇಡಿ. ಪೊಲೀಸರಿಗೆ ತೋರಿಸೋಕೆ ಅಂತಲೂ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಐಟಿ ಕಾಯ್ದೆಯ 67ಬಿ ಪ್ರಕಾರ ಅಂಥದ್ದನ್ನ ಡೌನ್‌ಲೋಡ್ ಮಾಡೋದು, ಸಂಗ್ರಹಿಸೋದೂ ಅಪರಾಧ. ಖಾಸಗಿಯಾಗಿ ನೋಡಿದ್ರೆ ತಪ್ಪಿಲ್ಲ ಅನ್ನೋ ಅರ್ಥದ ಮದ್ರಾಸ್ ಹೈಕೋರ್ಟ್ ತೀರ್ಪನ್ನ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿದೆ. ಲಿಂಕ್, ನಂಬರ್, ಸಮಯ ಬರೆದಿಟ್ಟುಕೊಂಡು ತಕ್ಷಣ ದೂರು ಕೊಡಿ. ಪೋಕ್ಸೊ ಕಾಯ್ದೆಯ ಪ್ರಕಾರ ಇಂಥದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದೇ ಇರೋದು ತಪ್ಪಾಗುತ್ತೆ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ದೂರು ಎಲ್ಲಿ ಕೊಡೋದು? ಮನೆಯಲ್ಲೇ ಕೂತು ಕೊಡಬೇಕಂದ್ರೆ ಕೇಂದ್ರ ಗೃಹ ಸಚಿವಾಲಯದ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್ ಇದೆ. ಮಹಿಳೆಯರು ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಆದ್ರೆ ಹೆಸರಿಲ್ಲದ ದೂರು ಏನಾಯ್ತು ಅಂತ ಆಮೇಲೆ ನೋಡೋಕೆ ಆಗಲ್ಲ. ಗ್ರೂಪಿನಲ್ಲಿ ಕಂಡದ್ದನ್ನ ತಿಳಿಸೋ ಮೂರನೆಯವರಿಗೆ ಅದು ಸರಿ. ಸ್ವತಃ ನೊಂದವರು ಮೊಬೈಲ್ ನಂಬರ್ ಕೊಟ್ಟು 'ರಿಪೋರ್ಟ್ ಅಂಡ್ ಟ್ರ್ಯಾಕ್' ಆರಿಸಿಕೊಳ್ಳೋದೇ ಒಳ್ಳೇದು. ಸಿಗೋ ನಂಬರನ್ನ ಬರೆದಿಟ್ಟುಕೊಳ್ಳಿ. ಪೋರ್ಟಲ್‌ನಲ್ಲಿ ದೂರು ಹಾಕಿದ ಮಾತ್ರಕ್ಕೆ ಎಫ್‌ಐಆರ್ ಆಯ್ತು ಅಂತಲ್ಲ. ಆ ನಂಬರ್ ಹಿಡ್ಕೊಂಡು ಠಾಣೆಗೆ ಹೋಗಿ ಕೇಳಬೇಕಾಗುತ್ತೆ.

ನಮ್ಮ ರಾಜ್ಯದಲ್ಲಿ ಜಿಲ್ಲಾ ಕೇಂದ್ರಗಳಲ್ಲಿ ಸೆನ್ ಠಾಣೆಗಳಿವೆ. ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧ ಠಾಣೆ ಅಂತ ಬೋರ್ಡ್ ಇರುತ್ತೆ. ಅಷ್ಟು ದೂರ ಹೋಗೋಕಾಗಲ್ಲ ಅಂದ್ರೆ ಹತ್ತಿರದ ಯಾವ ಠಾಣೆಗಾದ್ರೂ ಹೋಗಿ. 'ಇದು ನಮ್ಮ ವ್ಯಾಪ್ತಿಗೆ ಬರಲ್ಲ' ಅನ್ನೋ ಮಾತು ನಡೆಯೋದಿಲ್ಲ, ಜೀರೋ ಎಫ್‌ಐಆರ್ ಈಗ ಕಾನೂನಿನಲ್ಲೇ ಇದೆ. ಐಟಿ ಕಾಯ್ದೆಯ ಕೇಸುಗಳ ತನಿಖೆ ಮಾಡಬೇಕಾದ್ದು ಇನ್ಸ್‌ಪೆಕ್ಟರ್ ದರ್ಜೆಯವರು, ಹಾಗಾಗಿ ಫೈಲ್ ಬೇರೆ ಕಡೆ ಹೋಗಬಹುದು. ಆದ್ರೆ ದೂರು ತಗೊಳ್ಳಲೇಬೇಕು. ತಗೊಳ್ಳದಿದ್ರೆ ಎಸ್‌ಪಿಯವರಿಗೆ ಬರಹದಲ್ಲಿ, ಅಂಚೆ ಮೂಲಕ ಕಳಿಸಿ. ಅಲ್ಲೂ ಆಗದಿದ್ರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗೋ ದಾರಿ ಇದೆ.

ಠಾಣೆಯಲ್ಲೂ ಮನೆಯಲ್ಲೂ ಕೇಳಿಬರೋ ಒಂದು ಪ್ರಶ್ನೆ ಇದೆ: 'ಫೋಟೊ ನೀನೇ ಕಳಿಸಿದ್ದಲ್ವಾ?' ಕಳಿಸಿದ್ದಿರಬಹುದು. ಅದಕ್ಕೆ ಕಾನೂನಿನಲ್ಲೇ ಉತ್ತರ ಇದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ನಿನ ವಿವರಣೆ ಏನನ್ನುತ್ತೆ ಅಂದ್ರೆ, ಚಿತ್ರ ತೆಗೆಯೋಕೆ ಮಹಿಳೆ ಒಪ್ಪಿದ್ದರೂ ಅದನ್ನ ಬೇರೆಯವರಿಗೆ ಹಂಚೋಕೆ ಒಪ್ಪಿರದಿದ್ರೆ ಹಂಚಿದ್ದು ಅಪರಾಧವೇ. ಮೊದಲ ಸಲಕ್ಕೆ 1ರಿಂದ 3 ವರ್ಷ ಜೈಲು. ಈ ಸೆಕ್ಷನ್ನಿನಡಿ ಮಹಿಳೆ ಕೊಡೋ ದೂರನ್ನ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಇದನ್ನ ಕೇಳಿ ಪಡೆಯಿರಿ. ಇಂಥ ಬ್ಲ್ಯಾಕ್‌ಮೇಲ್‌ಗೆ ಗಂಡಸರೂ ಸಿಕ್ಕಿಬೀಳ್ತಾರೆ. ಅವರಿಗೆ ಐಟಿ ಕಾಯ್ದೆಯ 66ಇ ಇದೆ, ಅದರಲ್ಲಿ ಗಂಡು ಹೆಣ್ಣು ಅನ್ನೋ ಭೇದ ಇಲ್ಲ. ದುಡ್ಡು ಕೇಳ್ತಿದ್ರೆ ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳ್ತಾರೆ. ಕೊಟ್ಟಾಗಿದ್ರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪೊಲೀಸ್ ದೂರು ಒಂದು ಕಡೆ, ದೃಶ್ಯ ತೆಗೆಸೋದು ಇನ್ನೊಂದು ಕಡೆ. ಎರಡೂ ಒಟ್ಟಿಗೆ ನಡೀಬೇಕು. 2021ರ ಐಟಿ ನಿಯಮಗಳ ಪ್ರಕಾರ ಬೆತ್ತಲೆ ಅಥವಾ ಲೈಂಗಿಕ ದೃಶ್ಯದ ಬಗ್ಗೆ ಅದರಲ್ಲಿರೋರೇ ದೂರು ಕೊಟ್ಟರೆ ಕಂಪನಿ 2 ಗಂಟೆಗಿಂತ ಹೆಚ್ಚು ಕಾಯಿಸುವಂತಿಲ್ಲ. ಬೇರೆ ಮೈಗೆ ನಿಮ್ಮ ಮುಖ ಅಂಟಿಸಿದ ಮಾರ್ಫ್ ಚಿತ್ರಕ್ಕೂ ಇದೇ ನಿಯಮ. ಪೋಸ್ಟಿನ ಮೂರು ಚುಕ್ಕೆ ಒತ್ತಿ ರಿಪೋರ್ಟ್ ಮಾಡೋದರ ಜೊತೆಗೆ ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೂ ಬರೆಯಿರಿ. ಅವರ ಉತ್ತರ ಸರಿ ಅನ್ನಿಸದಿದ್ರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು.

ಇನ್ನೂ ಹರಿಬಿಟ್ಟಿಲ್ಲ, ಹರಿಬಿಡ್ತೀನಿ ಅಂತ ಹೆದರಿಸ್ತಿದಾನೆ ಅನ್ನೋ ಹಂತದಲ್ಲಿ 'ಸ್ಟಾಪ್ ಎನ್‌ಸಿಐಐ' ಅನ್ನೋ ಉಚಿತ ಸೇವೆ ಉಪಯೋಗಕ್ಕೆ ಬರುತ್ತೆ. ಅದು 18 ದಾಟಿದವರಿಗೆ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತೆ, ಅದರ ಬೆರಳಚ್ಚಿನಂಥ ಒಂದು ಕೋಡ್ ಮಾತ್ರ ಹೋಗುತ್ತೆ. ಆ ಕೋಡಿಗೆ ಹೊಂದೋ ಚಿತ್ರವನ್ನ ಯಾರಾದ್ರೂ ಹಾಕಿದ್ರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥವು ಗುರುತಿಸಿ ತಡೀಬಹುದು. ಚಿಕ್ಕವರಿಗೆ 'ಟೇಕ್ ಇಟ್ ಡೌನ್' ಅನ್ನೋದು ಇದೆ. ವಾಟ್ಸ್‌ಆ್ಯಪ್‌ನ ಖಾಸಗಿ ಚಾಟ್‌ನಲ್ಲಿ ಓಡಾಡೋದನ್ನ ಮಾತ್ರ ಇವು ತಡೆಯಲಾರವು. ನಮ್ಮೂರುಗಳಲ್ಲಿ ಹೆಚ್ಚು ಹರಡೋದು ಅಲ್ಲೇ ಅನ್ನೋದು ಬೇಜಾರಿನ ಸಂಗತಿ.

ಅಲ್ಲಿ ತಡೆಯಬೇಕಾದವರು ಗ್ರೂಪಿನಲ್ಲಿರೋ ನಾವೇ. 2024ರ ಲೋಕಸಭಾ ಚುನಾವಣೆ ಹೊತ್ತಲ್ಲಿ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹಂಚಿಕೆಯಾದಾಗ ಏನಾಯ್ತು ನೆನಪಿಸಿಕೊಳ್ಳಿ. ನೊಂದ ಹೆಣ್ಣುಮಕ್ಕಳ ಮುಖ ಸಮೇತ ವಿಡಿಯೊಗಳು ಮೊಬೈಲಿಂದ ಮೊಬೈಲಿಗೆ ಹೋದವು. ವಿಡಿಯೊ ಹಂಚಿದವರ ಮೇಲೂ ಐಟಿ ಕಾಯ್ದೆಯಡಿ ಕ್ರಮ ಆಗುತ್ತೆ ಅಂತ ಆಗ ಎಸ್‌ಐಟಿಯೇ ಎಚ್ಚರಿಕೆ ಕೊಡಬೇಕಾಯ್ತು. ಲೈಂಗಿಕ ದೃಶ್ಯ ಹಂಚಿದ್ರೆ 67ಎ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. 'ನಾನು ಬರೀ ಫಾರ್ವರ್ಡ್ ಮಾಡಿದ್ದು' ಅಂದ್ರೆ ಬಿಡೋದಿಲ್ಲ. ಗ್ರೂಪಿಗೆ ಅಂಥದ್ದು ಬಂದ್ರೆ ಅಡ್ಮಿನ್‌ಗೆ ಹೇಳಿ ತೆಗೆಸಿ. ಅದಕ್ಕೂ ಮುಂಚೆ ಕಳಿಸಿದವರ ನಂಬರ್, ಬಂದ ಸಮಯ ಬರೆದಿಟ್ಟುಕೊಳ್ಳಿ, ನಾಳೆ ಆ ಮನೆಯವರು ದೂರು ಕೊಡೋಕೆ ಹೊರಟಾಗ ಬೇಕಾಗುತ್ತೆ.