ಕಾವುಪೆಟ್ಟಿಗೆಯ ತೇವವೂ ಮರಿಯೊಡೆಯುವ ಹೊತ್ತೂ

ಕೋಳಿಮೊಟ್ಟೆಗೆ ಕಾವು ಸಿಕ್ಕಿದ 21ನೆಯ ದಿನಕ್ಕೆ ಮರಿ ಹೊರಬರುವುದು ಎಲ್ಲೆಡೆಯೂ ಒಂದೇ ಆದರೂ, ಆಸ್ಟ್ರೇಲಿಯದ ಪರ್ತ್, ಅಡಿಲೇಡ್ ಮತ್ತು ಬ್ರಿಸ್ಬೇನ್ ನಗರಗಳಲ್ಲಿ ಮನೆಯೊಳಗೆ ವಿದ್ಯುತ್ ಕಾವುಪೆಟ್ಟಿಗೆ ಇಟ್ಟುಕೊಂಡವರು ತೇವಾಂಶವನ್ನು ಒಂದೇ ಬಗೆಯಲ್ಲಿ ನಿರ್ವಹಿಸಲಾಗದು. ಮೊದಲೆರಡು ನಗರಗಳ ಬೇಸಿಗೆ ಒಣಬಿಸಿಲಿನದು, ಬ್ರಿಸ್ಬೇನಿನದು ಮಳೆ ಮತ್ತು ಸೆಕೆಯದು.

ಮೊಟ್ಟೆಯ ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮರಂಧ್ರಗಳ ಮೂಲಕ ಒಳಗಿನ ನೀರು ಆವಿಯಾಗುತ್ತ ಹೋದಂತೆ, ಮೊಂಡುತುದಿಯಲ್ಲಿ ಮರಿಯ ಮೊದಲ ಉಸಿರಿಗೆ ಬೇಕಾದ ಗಾಳಿಕೋಶ ಹಿಗ್ಗುತ್ತದೆ. 18ನೆಯ ದಿನದ ಹೊತ್ತಿಗೆ ಮೊಟ್ಟೆಯ ತೂಕ ಶೇ. 11ರಿಂದ 13ರಷ್ಟು, ಅಂದರೆ 60 ಗ್ರಾಂ ಮೊಟ್ಟೆಯಲ್ಲಿ ಸುಮಾರು 7 ಗ್ರಾಂ ಇಳಿದಿರಬೇಕು. ಇಳಿತ ಕಡಿಮೆಯಾದರೆ ಮರಿ ಊದಿಕೊಂಡು ತಿರುಗಲಾರದೆ ಉಸಿರುಗಟ್ಟುತ್ತದೆ. ಹೆಚ್ಚಾದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ.

ಗಾಳಿಯು ಹಿಡಿದಿಡಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆಯೆಂಬುದೇ ಸಾಪೇಕ್ಷ ಆರ್ದ್ರತೆ. ಗಾಳಿ ಬಿಸಿಯಾದಷ್ಟೂ ಆ ಸಾಮರ್ಥ್ಯ ಹೆಚ್ಚುವುದರಿಂದ, ಅಡಿಲೇಡಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಶೇ. 25ರ ಆರ್ದ್ರತೆಯಿರುವ ಕೋಣೆಯ ಗಾಳಿ ಪೆಟ್ಟಿಗೆಯಲ್ಲಿ 37.5 ಡಿಗ್ರಿಗೆ ಏರಿದಾಗ ಅದರ ಆರ್ದ್ರತೆ ಸುಮಾರು ಶೇ. 16ಕ್ಕೆ ಇಳಿಯುತ್ತದೆ, ಬ್ರಿಸ್ಬೇನಿನ 28 ಡಿಗ್ರಿ, ಶೇ. 70ರ ಗಾಳಿಯಾದರೆ ಶೇ. 41ರಲ್ಲಿ ನಿಲ್ಲುತ್ತದೆ. ಮೊದಲ 18 ದಿನಗಳಿಗೆ ಶೇ. 45ರಿಂದ 55 ಸಾಕಾಗುವುದರಿಂದ, ಅಡಿಲೇಡ್ ಮತ್ತು ಪರ್ತ್‌ನ ಬೇಸಿಗೆಯಲ್ಲಿ ಅಗಲವಾದ ನೀರಿನ ತಟ್ಟೆ ಬೇಕು, ಬ್ರಿಸ್ಬೇನಿನಲ್ಲಿ ಕಿರಿದಾದ ತಟ್ಟೆಯೇ ಸಾಕು. ನೀರಿನ ಆಳವಲ್ಲ, ಮೇಲ್ಮೈಯ ಹರವೇ ಆವಿಯ ಪ್ರಮಾಣವನ್ನು ನಿರ್ಧರಿಸುತ್ತದೆ.

ಕೊನೆಯ ಮೂರು ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ಆರ್ದ್ರತೆಯನ್ನು ಶೇ. 65ರಿಂದ 70ಕ್ಕೆ ಏರಿಸಬೇಕು. ಮರಿಗಳು ಅವಧಿಗೆ ಮುನ್ನವೇ ಚಿಪ್ಪೊಡೆಯುವುದಕ್ಕೆ ಸಾಮಾನ್ಯವಾಗಿ ತೇವಕ್ಕಿಂತ ಹೆಚ್ಚಿನ ಶಾಖವೇ ಕಾರಣ. ಗಿಡ್ಡ ತಳಿಗಳ ಚಿಕ್ಕ ಮೊಟ್ಟೆಗಳು ಮಾತ್ರ ಸಹಜವಾಗಿಯೇ ಒಂದೆರಡು ದಿನ ಮುಂಚೆ ಒಡೆಯುತ್ತವೆ. ಆರ್ದ್ರತೆ ಏರಿಸುವ ಮೊದಲೇ ಬಿರುಕು ಕಂಡರೆ ತಕ್ಷಣ ತಟ್ಟೆಗೆ ಬೆಚ್ಚನೆಯ ನೀರು ಸೇರಿಸಿ ಮುಚ್ಚಳ ಹಾಕಬೇಕು. ಮೊದಲ ಬಿರುಕಿನಿಂದ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯುತ್ತದೆ. ಈ ಅವಧಿಯಲ್ಲೇ ರಕ್ತನಾಳಗಳು ಬತ್ತಿ, ಉಳಿದ ಹಳದಿ ಲೋಳೆ ಹೊಟ್ಟೆಯೊಳಗೆ ಸೇರುವುದರಿಂದ, ಅವಸರದಿಂದ ಚಿಪ್ಪು ಸುಲಿದರೆ ಮರಿ ರಕ್ತಸ್ರಾವದಿಂದ ಸಾಯಬಹುದು. ಆ ಹಳದಿಯೇ ಆಹಾರವಾಗಿರುವುದರಿಂದ ಮೊದಲು ಹುಟ್ಟಿದ ಮರಿ ಒಂದು ದಿನ ಪೆಟ್ಟಿಗೆಯಲ್ಲೇ ಇದ್ದರೂ ಹಾನಿಯಿಲ್ಲ. ಅದನ್ನು ತೆಗೆಯಲೆಂದು ಮತ್ತೆಮತ್ತೆ ಮುಚ್ಚಳ ತೆರೆದರೆ ಉಳಿದವುಗಳ ತೇವ ಹಾರಿಹೋಗುತ್ತದೆ.

ಕಾವು ಕೊಡುವ ಮುನ್ನ ಉಷ್ಣಮಾಪಕವನ್ನು ಇನ್ನೊಂದರೊಂದಿಗೆ ಹೋಲಿಸಿ ನೋಡುವುದು, ವಾರಕ್ಕೊಮ್ಮೆ ಮೊಟ್ಟೆಗಳನ್ನು ತೂಗುವುದು, ಕೊನೆಯಲ್ಲಿ ಕೈಹಾಕದೆ ಕಾಯುವುದು: ಈ ಮೂರನ್ನು ಮನೆಯಲ್ಲಿ ಕೋಳಿ ಸಾಕುವ ಪ್ರತಿಯೊಬ್ಬರೂ ತಪ್ಪದೆ ಪಾಲಿಸಬೇಕು.