ಗಂಟೆ ಬಾರಿಸಿದರೆ ತೆರೆಯುವ ಮನೆ

ಚಿತ್ರಶಾಲೆ ಎಂದೊಡನೆ ಕಣ್ಣ ಮುಂದೆ ಬರುವುದು ಎತ್ತರವಾದ ಗೋಡೆಗಳು, ಗಾಜಿನ ಪೆಟ್ಟಿಗೆಗಳು, ಬಾಗಿಲ ಬಳಿ ನಿಂತ ಕಾವಲುಗಾರ, 'ಮುಟ್ಟಬಾರದು' ಎಂಬ ಫಲಕ. ನೋಡಲು ಬಂದವನು ಸದ್ದಿಲ್ಲದೆ ಒಳಗೆ ಹೋಗುತ್ತಾನೆ. ಚಿತ್ರದ ಕೆಳಗೆ ಅಂಟಿಸಿದ ಚೀಟಿಯನ್ನು ಗಮನವಿಟ್ಟು ಓದುತ್ತಾನೆ. ಚಿತ್ರವನ್ನು ಅದಕ್ಕಿಂತ ಕಡಿಮೆ ಹೊತ್ತು ನೋಡಿ ಮುಂದಕ್ಕೆ ನಡೆಯುತ್ತಾನೆ. ಇಂಗ್ಲೆಂಡಿನ ಕೇಂಬ್ರಿಡ್ಜ್ ನಗರದಲ್ಲಿ ಈ ಪದ್ಧತಿಗೆ ತೀರ ಹೊರತಾದ ಒಂದು ಚಿತ್ರಶಾಲೆಯಿದೆ. ಅದರ ಬಾಗಿಲು ಮುಚ್ಚಿರುತ್ತದೆ. ನೋಡಬಯಸುವವರು ಹಗ್ಗವನ್ನೆಳೆದು ಗಂಟೆ ಬಾರಿಸಬೇಕು. ಒಳಗಿನಿಂದ ಯಾರೋ ಬಂದು, ನೆಂಟರನ್ನು ಕರೆಯುವಂತೆ ಒಳಕ್ಕೆ ಕರೆಯುತ್ತಾರೆ. ಒಳಗೆ ಕುರ್ಚಿಗಳಿವೆ, ಕುಳಿತುಕೊಳ್ಳಬಹುದು. ಪುಸ್ತಕಗಳಿವೆ, ಹೂಗಿಡಗಳಿವೆ. ಯಾವ ಚಿತ್ರದ ಕೆಳಗೂ ಹೆಸರಿನ ಚೀಟಿಯಿಲ್ಲ.

ಈ ಮನೆಗೆ ಕೆಟಲ್ಸ್ ಯಾರ್ಡ್ ಎಂದು ಹೆಸರು. ಕೆಟಲ್ ಎಂಬುದು ಹಿಂದೆ ಆ ಸ್ಥಳದಲ್ಲಿ ನೆಲಸಿದ್ದ ಒಂದು ಮನೆತನದ ಹೆಸರು. ಚಹಾ ಕಾಯಿಸುವ ಪಾತ್ರೆಗೂ ಅದಕ್ಕೂ ಸಂಬಂಧವಿಲ್ಲ. ಮುಂದೆ ಆ ಮನೆಯಲ್ಲಿ ಬಂದವರಿಗೆಲ್ಲ ಚಹಾ ದೊರೆಯಿತೆಂಬುದು ಬೇರೆ ಮಾತು.

ಇದನ್ನು ರೂಪಿಸಿದವರು ಹೆರಾಲ್ಡ್ ಸ್ಟ್ಯಾನ್ಲಿ ಈಡ್. ಸ್ನೇಹಿತರಿಗೆ ಅವರು ಜಿಮ್. 1895ರಲ್ಲಿ ವೇಲ್ಸ್ ಪ್ರಾಂತದಲ್ಲಿ ಜನಿಸಿದ ಈಡ್, ಚಿತ್ರಕಾರರಾಗಬೇಕೆಂಬ ಆಸೆಯಿಂದ ಕಲೆಯನ್ನು ಕಲಿತರು. ಒಂದನೆಯ ಮಹಾಯುದ್ಧ ಬಂದು ಸೈನಿಕರಾಗಬೇಕಾಯಿತು. ಯುದ್ಧದ ತರುವಾಯ ಲಂಡನ್ನಿನ ಟೇಟ್ ಗ್ಯಾಲರಿ ಎಂಬ ಪ್ರಸಿದ್ಧ ಕಲಾಸಂಸ್ಥೆಯಲ್ಲಿ ಸಹಾಯಕ ಅಧಿಕಾರಿಯಾಗಿ ಸೇರಿ, 1936ರವರೆಗೆ ಅಲ್ಲಿಯೇ ದುಡಿದರು. ಅವರಲ್ಲಿ ದೊಡ್ಡ ಸಂಪತ್ತು ಇರಲಿಲ್ಲ. ಇದ್ದದ್ದು ಗುಣವನ್ನು ಗುರುತಿಸುವ ಕಣ್ಣು. ಅಂದು ಯಾರಿಗೂ ಬೇಡವಾಗಿದ್ದ ಹೊಸ ಕಲಾವಿದರ ಗೆಳೆತನವನ್ನು ಅವರು ಬೆಳೆಸಿದರು. ಮುಂದೆ ಲೋಕವಿಖ್ಯಾತರಾದ ಬೆನ್ ನಿಕಲ್ಸನ್ ಆಗ ತಮ್ಮ ಚಿತ್ರಗಳನ್ನು ಈಡ್ ಅವರಿಗೆ ಬಟ್ಟೆಯ ಮತ್ತು ಚೌಕಟ್ಟಿನ ಖರ್ಚಿಗಷ್ಟೆ ಕೊಡುತ್ತಿದ್ದರು.

ಹೀಗೆ ಬಂದು ಸೇರಿದ ಚಿತ್ರಗಳಲ್ಲಿ ಆಲ್ಫ್ರೆಡ್ ವಾಲಿಸ್ ಎಂಬ ಮುದುಕನ ಚಿತ್ರಗಳ ಕಥೆ ಸ್ವಾರಸ್ಯವಾದುದು. ಕಡಲತೀರದ ಸೇಂಟ್ ಐವ್ಸ್ ಎಂಬ ಊರಿನಲ್ಲಿದ್ದ ಆತ ಮೊದಲು ಹಡಗಿನಲ್ಲಿ ಕೆಲಸ ಮಾಡಿ, ಬಳಿಕ ಹಳೆಯ ಸಾಮಾನುಗಳ ವ್ಯಾಪಾರ ನಡೆಸಿದವನು. ಹೆಂಡತಿ ತೀರಿಕೊಂಡ ಮೇಲೆ, ಎಪ್ಪತ್ತರ ಸುಮಾರಿನ ವಯಸ್ಸಿನಲ್ಲಿ, ಒಂಟಿತನವನ್ನು ಕಳೆಯಲು ಬಣ್ಣ ಹಿಡಿದನು. ಗುರುವಿಲ್ಲ, ಶಾಲೆಯಿಲ್ಲ. ಅಂಗಡಿಯಿಂದ ಸಿಕ್ಕ ರಟ್ಟಿನ ತುಂಡೇ ಹಲಗೆ, ದೋಣಿಗೆ ಬಳಿಯುವ ಬಣ್ಣವೇ ಬಣ್ಣ. 1928ರಲ್ಲಿ ನಿಕಲ್ಸನ್ ಮತ್ತು ಕ್ರಿಸ್ಟೊಫರ್ ವುಡ್ ಎಂಬ ಇಬ್ಬರು ಚಿತ್ರಕಾರರು ಆತನ ಮನೆಯ ಮುಂದೆ ಹಾದುಹೋಗುವಾಗ ಒಳಗಿದ್ದ ಹಡಗಿನ ಚಿತ್ರಗಳನ್ನು ಕಂಡು ಬೆರಗಾದರು. ಅಂದಿನಿಂದ ಆತನ ಚಿತ್ರಗಳು ಕಟ್ಟುಕಟ್ಟಾಗಿ ಅಂಚೆಯ ಮೂಲಕ ಈಡ್ ಅವರಿಗೆ ಬರತೊಡಗಿದವು. ಅಳತೆಗೆ ತಕ್ಕಂತೆ ಬೆಲೆ: ಒಂದು, ಎರಡು ಅಥವಾ ಮೂರು ಷಿಲಿಂಗ್. ಈಡ್ ತಮ್ಮ ಕೈಲಾದಷ್ಟನ್ನು ಕೊಂಡರು. ವಾಲಿಸ್ 1942ರಲ್ಲಿ ಬಡವರ ಆಶ್ರಮವೊಂದರಲ್ಲಿ ಕಣ್ಣು ಮುಚ್ಚಿದನು. ಆತನ ನೂರಕ್ಕೂ ಹೆಚ್ಚು ಚಿತ್ರಗಳು ಇಂದು ಕೆಟಲ್ಸ್ ಯಾರ್ಡಿನಲ್ಲಿವೆ.

ಗೋದಿಯೆ ಬ್ರೆಜೆಸ್ಕಾ ಎಂಬ ಫ್ರೆಂಚ್ ಶಿಲ್ಪಿಯ ಕೃತಿಗಳೂ ಇದೇ ಬಗೆಯಲ್ಲಿ ಉಳಿದುಕೊಂಡವು. ಈತ 1915ರಲ್ಲಿ, ಕೇವಲ 23ನೆಯ ವಯಸ್ಸಿನಲ್ಲಿ, ರಣರಂಗದಲ್ಲಿ ಮಡಿದನು. ಆತನ ಶಿಲ್ಪಗಳನ್ನೂ ರೇಖಾಚಿತ್ರಗಳನ್ನೂ ಕಾಪಾಡಿಕೊಂಡಿದ್ದ ಸಂಗಾತಿ ಮರಣಶಾಸನ ಬರೆಯದೆ ತೀರಿಕೊಂಡದ್ದರಿಂದ ಅವೆಲ್ಲ ಸರಕಾರದ ಖಜಾನೆಯ ವಶಕ್ಕೆ ಹೋದವು. ಕೊಳ್ಳುವವರು ಹೆಚ್ಚು ಮಂದಿಯಿರಲಿಲ್ಲ. 1927ರಲ್ಲಿ ಅವುಗಳ ಬಹುಭಾಗವನ್ನು ಈಡ್ ಅಲ್ಪ ಬೆಲೆಗೆ ಪಡೆದರು. ಸತ್ತವನ ಹೆಸರನ್ನು ಉಳಿಸಬೇಕೆಂದು ಆತನ ಬದುಕನ್ನು ಕುರಿತು ಪುಸ್ತಕವನ್ನೂ ಬರೆದರು.

ಸಂಸ್ಥೆಯ ಕೆಲಸವನ್ನು ಬಿಟ್ಟ ಮೇಲೆ ಈಡ್ ದಂಪತಿಗಳು ಕೆಲವು ವರ್ಷ ಮೊರಾಕೊ ದೇಶದ ಟಾಂಜೀರಿನಲ್ಲಿಯೂ, ಬಳಿಕ ಫ್ರಾನ್ಸಿನಲ್ಲಿಯೂ ವಾಸಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಜಿಬ್ರಾಲ್ಟರಿನಲ್ಲಿದ್ದ ಬ್ರಿಟಿಷ್ ಸೈನಿಕರನ್ನು ಟಾಂಜೀರಿನ ತಮ್ಮ ಮನೆಗೆ ಕರೆಸಿ, ರಜೆಯ ದಿನಗಳನ್ನು ಅಲ್ಲಿ ಕಳೆಯುವಂತೆ ಮಾಡುತ್ತಿದ್ದರು. ಚಿತ್ರಗಳ ನಡುವೆ ಊಟ, ನಿದ್ರೆ, ಮಾತುಕತೆಗಳಲ್ಲಿ ದಿನ ಕಳೆದ ಆ ತರುಣರನ್ನು ಕಂಡವರಿಗೆ, ಕಲೆಯನ್ನು ನೋಡಲು ಎಂಥ ಸ್ಥಳ ಬೇಕೆಂಬ ಪ್ರಶ್ನೆಗೆ ಉತ್ತರ ಅರ್ಧ ದೊರೆತಂತೆಯೇ ಆಗಿತ್ತು. ಇಂಗ್ಲೆಂಡಿಗೆ ಮರಳಿ ಯಾವುದಾದರೂ ವಿಶ್ವವಿದ್ಯಾನಿಲಯದ ಬಳಿ ಒಂದು ದೊಡ್ಡ ಬಂಗಲೆಯನ್ನು ಪಡೆಯಬೇಕು, ಅದರಲ್ಲಿ ತಾವು ವಾಸಿಸುತ್ತಲೇ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದಿಡಬೇಕು ಎಂಬುದು ಅವರ ಬಯಕೆ.

ಬಂಗಲೆ ದೊರೆಯಲಿಲ್ಲ. 1956ರಲ್ಲಿ ಕೇಂಬ್ರಿಡ್ಜಿನಲ್ಲಿ ಅವರಿಗೆ ತೋರಿಸಿದ್ದು ಚರ್ಚೊಂದರ ಪಕ್ಕದ ನಾಲ್ಕು ಪಾಳುಬಿದ್ದ ಪುಟ್ಟ ಮನೆಗಳನ್ನು. ವಾಸಕ್ಕೆ ಯೋಗ್ಯವಲ್ಲವೆಂದು ಬಿಟ್ಟಿದ್ದ ಆ ಮನೆಗಳ ನಡುಗೋಡೆಗಳನ್ನು ತೆಗೆಸಿ, ಕಿಟಕಿಗಳನ್ನು ಅಗಲಿಸಿ, ನಾಲ್ಕನ್ನೂ ಒಂದಾಗಿಸಿದರು. 1957ರಲ್ಲಿ ಮನೆ ಸಿದ್ಧವಾಯಿತು.

ವಿಶ್ವವಿದ್ಯಾನಿಲಯದ ತರಗತಿಗಳು ನಡೆಯುವ ದಿನಗಳಲ್ಲಿ, ಪ್ರತಿ ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕು ಗಂಟೆಯವರೆಗೆ, ಗಂಟೆ ಬಾರಿಸಿದ ಯಾರಿಗೂ ಬಾಗಿಲು ತೆರೆಯುತ್ತಿತ್ತು. ತೆರೆಯುತ್ತಿದ್ದವರು ಸ್ವತಃ ಈಡ್. ಬಂದವನು ವಿಜ್ಞಾನದ ವಿದ್ಯಾರ್ಥಿಯೋ, ಕಲೆಯ ಗಂಧವೇ ಇಲ್ಲದವನೋ ಎಂದು ನೋಡದೆ, ಕೋಣೆಯಿಂದ ಕೋಣೆಗೆ ಕರೆದೊಯ್ದು ತೋರಿಸುತ್ತಿದ್ದರು. ಹೊತ್ತು ಮುಗಿದ ಮೇಲೂ ಉಳಿದವರಿಗೆ ಚಹಾ ಮತ್ತು ಸುಟ್ಟ ರೊಟ್ಟಿ. ಒಂದು ದಿನ ಇಂಥ ಸತ್ಕಾರ ಮಾಡುವುದು ಸುಲಭ. ವರ್ಷಗಟ್ಟಲೆ ಮಾಡುವುದು ಸುಲಭವಲ್ಲ. ತನ್ನ ನಡುಮನೆಯಲ್ಲಿ ದಿನವೂ ಅಪರಿಚಿತರು ಓಡಾಡುವುದನ್ನು ಸಹಿಸಿಕೊಂಡ ಹೆಲೆನ್ ಈಡ್ ಅವರ ತಾಳ್ಮೆಯನ್ನು, ಈ ಮನೆಯನ್ನು ಹೊಗಳುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಮನೆಯೊಳಗಿನ ಜೋಡಣೆಯಾದರೋ ಅಚ್ಚರಿ ಹುಟ್ಟಿಸುವಂಥದು. ಬೆಲೆಬಾಳುವ ವಸ್ತುವಿಗೂ ಬೆಲೆಯೇ ಇಲ್ಲದ ವಸ್ತುವಿಗೂ ಅಲ್ಲಿ ಒಂದೇ ಮರ್ಯಾದೆ. ಬ್ರಾಂಕುಸಿ ಎಂಬ ಮಹಾಶಿಲ್ಪಿ ರೂಪಿಸಿದ ತಲೆಯ ಶಿಲ್ಪವೊಂದು ಪಿಯಾನೊ ವಾದ್ಯದ ಮೇಲೆ ಕುಳಿತಿದೆ. ಕಡಲತೀರದಿಂದ ಆಯ್ದು ತಂದ ಉರುಟಾದ ನುಣುಪುಗಲ್ಲುಗಳನ್ನು ಗಾತ್ರದ ಕ್ರಮದಲ್ಲಿ ಮೇಜಿನ ಮೇಲೆ ಸುರುಳಿಯಾಗಿ ಇಡಲಾಗಿದೆ. ಚಿತ್ರಗಳಲ್ಲಿ ಕೆಲವನ್ನು ಕುಳಿತವರ ಕಣ್ಣಿಗೆ ಸರಿಯಾಗಿ ತೀರ ಕೆಳಗೆ ತೂಗುಹಾಕಿದೆ. ಬಿಸಿಲು ಕಿಟಕಿಯಿಂದ ಕಿಟಕಿಗೆ ಸರಿದಂತೆ ಒಂದೊಂದು ವಸ್ತುವೂ ಬೆಳಗಿ, ಮತ್ತೆ ಮಂಕಾಗುತ್ತದೆ.

ಒಂದು ಗೋಡೆಯ ಮೇಲೆ ಸ್ಪೇನಿನ ಕಲಾವಿದ ಮಿರೋ 1927ರಲ್ಲಿ ಬರೆದ ಸಣ್ಣ ಚಿತ್ರವಿದೆ. ಅದರಲ್ಲಿ ಒಂದು ಹಳದಿ ಚುಕ್ಕೆ. ಅದೇ ಕೋಣೆಯಲ್ಲಿ ಲೋಹದ ತಟ್ಟೆಯೊಂದರಲ್ಲಿ ಒಂದೇ ಒಂದು ನಿಂಬೆಹಣ್ಣು. ಆ ಚುಕ್ಕೆ ಚಿತ್ರದಲ್ಲಿ ಏಕೆ ಇದೆ, ಅದನ್ನು ತೆಗೆದರೆ ಚಿತ್ರಕ್ಕೆ ಏನಾಗುತ್ತದೆ ಎಂಬುದನ್ನು ಈಡ್ ವಿದ್ಯಾರ್ಥಿಗಳಿಗೆ ತೋರಿಸಿಕೊಡುತ್ತಿದ್ದರು. ಬೆರಳಿನಿಂದ ಚುಕ್ಕೆಯನ್ನು ಮರೆಮಾಡಿ ನೋಡಿದಾಗ ಚಿತ್ರದ ತೂಕವೇ ತಪ್ಪುತ್ತದೆ. ಹಾಗೆಯೇ ತಟ್ಟೆಯಿಂದ ನಿಂಬೆಹಣ್ಣನ್ನು ಎತ್ತಿದರೆ ಕೋಣೆಯ ತೂಕ ತಪ್ಪುತ್ತದೆ. ಆಧುನಿಕ ಕಲೆಯನ್ನು ಕುರಿತ ಉದ್ದುದ್ದ ಉಪನ್ಯಾಸಗಳಿಂದ ಆಗದ ಕೆಲಸವನ್ನು ಅಡಿಗೆಮನೆಯ ಹಣ್ಣೊಂದು ಮಾಡಿತು. ಈ ವಿಷಯದಲ್ಲಿ ಈಡ್ ಬಹು ಕಟ್ಟುನಿಟ್ಟು. ಒಂದು ಕಲ್ಲು ಬೆರಳಗಲ ಸರಿದರೂ ಅವರ ಕಣ್ಣಿಗೆ ಬೀಳುತ್ತಿತ್ತು.

ಆದರೆ ಇಷ್ಟು ಕಟ್ಟುನಿಟ್ಟಿನ ಮನುಷ್ಯ ಮಾಡಿದ ಇನ್ನೊಂದು ಕೆಲಸ ಅನೇಕರಿಗೆ ಹುಚ್ಚುತನವೆಂದೇ ತೋರೀತು. ಅವರು ಚಿತ್ರಗಳನ್ನು ವಿದ್ಯಾರ್ಥಿಗಳಿಗೆ ಎರವಲು ಕೊಟ್ಟರು. ಗ್ರಂಥಾಲಯದಿಂದ ಪುಸ್ತಕ ಒಯ್ಯುವಂತೆ ವಿದ್ಯಾರ್ಥಿಯು ಒಂದು ಚಿತ್ರವನ್ನು ಆರಿಸಿಕೊಂಡು, ತನ್ನ ವಸತಿಕೋಣೆಯ ಗೋಡೆಗೆ ತೂಗುಹಾಕಿ, ಓದಿನ ಅವಧಿ ಮುಗಿದಾಗ ಹಿಂದಿರುಗಿಸಬಹುದಾಗಿತ್ತು. ಅವು ಅಚ್ಚಾದ ಪ್ರತಿಗಳಲ್ಲ. ಕಲಾವಿದರ ಕೈಯಿಂದಲೇ ಮೂಡಿದ ಮೂಲಕೃತಿಗಳು. ಇಪ್ಪತ್ತು ವರ್ಷದ ಹುಡುಗರ ಕೋಣೆಗಳು ಹೇಗಿರುತ್ತವೆ ಎಂಬುದನ್ನು ಬಲ್ಲವರಿಗೆ ಈ ಸಾಹಸದ ಅಳತೆ ತಿಳಿದೀತು. ಚಹಾ ಚೆಲ್ಲಬಹುದು, ಮೊಳೆ ಕಳಚಬಹುದು, ಚಿತ್ರವೇ ಕಾಣೆಯಾಗಬಹುದು. ಆದರೂ ಒಂದು ಚಿತ್ರವನ್ನು ಅರ್ಧ ಗಳಿಗೆ ನೋಡುವುದು ಬೇರೆ, ಅದರೊಡನೆ ಬಾಳುವುದು ಬೇರೆ. ಬೆಳಗ್ಗೆ ಎದ್ದಾಗ, ಪರೀಕ್ಷೆಯ ಚಿಂತೆಯಲ್ಲಿ ಕುಳಿತಾಗ, ಗೆಳೆಯನೊಡನೆ ಜಗಳವಾಡಿ ಬಂದಾಗ ಅದೇ ಚಿತ್ರ ಬೇರೆ ಬೇರೆಯಾಗಿ ಕಾಣುತ್ತದೆ. ಹಾಗೆ ಕಾಣಬೇಕಾದರೆ ಅದು ಕೈಗೆಟಕುವ ಗೋಡೆಯ ಮೇಲಿರಬೇಕು.

ಒಬ್ಬ ಮನುಷ್ಯನ ಆತಿಥ್ಯವನ್ನೇ ಆಧರಿಸಿದ ಇಂಥ ಮನೆ ಆತನ ಕಾಲದ ನಂತರ ಉಳಿಯುವುದು ಹೇಗೆ? ಈಡ್ ಅವರಿಗೆ ವಯಸ್ಸಾಗುತ್ತಿತ್ತು. ಮಾರಿದ್ದರೆ ಅವರು ಶ್ರೀಮಂತರಾಗುತ್ತಿದ್ದರು. ಆಗ ಸಂಗ್ರಹ ಚೆಲ್ಲಾಪಿಲ್ಲಿಯಾಗುತ್ತಿತ್ತು. 1966ರಲ್ಲಿ ಅವರು ಮನೆಯನ್ನೂ ಅದರೊಳಗಿನ ಕೃತಿಗಳನ್ನೂ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯಕ್ಕೆ ದಾನವಾಗಿ ಕೊಟ್ಟರು. ಕೊಟ್ಟ ಮೇಲೂ ಏಳು ವರ್ಷ ಅಲ್ಲಿಯೇ ಇದ್ದು ಬಾಗಿಲು ತೆರೆಯುತ್ತಿದ್ದರು. 1970ರಲ್ಲಿ ಲೆಸ್ಲಿ ಮಾರ್ಟಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಮನೆಗೆ ಹೊಸ ಭಾಗವೂ ಪ್ರದರ್ಶನದ ಕೋಣೆಯೂ ಸೇರಿದವು. ಜಾಕ್ವೆಲಿನ್ ಡು ಪ್ರೇ ಅವರ ಚೆಲೋ, ಡೇನಿಯಲ್ ಬ್ಯಾರೆನ್‌ಬೊಯಿಮ್ ಅವರ ಪಿಯಾನೊ ವಾದನಗಳೊಡನೆ ಅದರ ಆರಂಭೋತ್ಸವ ನಡೆಯಿತು. ಚಿತ್ರಗಳ ನಡುವೆಯೇ ಕುಳಿತು ಸಂಗೀತ ಕೇಳುವ ಕಛೇರಿಗಳು ಮುಂದೆ ಆ ಮನೆಯ ರೂಢಿಯಾದವು.

ದಾನ ಕೊಡುವುದಕ್ಕಿಂತಲೂ ಬಿಟ್ಟುಹೋಗುವುದು ಕಷ್ಟ. 1973ರಲ್ಲಿ ಈಡ್ ದಂಪತಿಗಳು ಕೆಟಲ್ಸ್ ಯಾರ್ಡನ್ನು ತೊರೆದು ಎಡಿನ್‌ಬರೊ ನಗರಕ್ಕೆ ಹೋದರು. ಅಲ್ಲಿ ಈಡ್ ರೋಗಿಗಳನ್ನು ಕಂಡು ಮಾತನಾಡಿಸಿ ಬರುವ ಕೆಲಸವನ್ನು ಕೈಗೊಂಡರು. 1990ರಲ್ಲಿ, 94ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಪ್ರತಿಯೊಂದು ವಿಶ್ವವಿದ್ಯಾನಿಲಯಕ್ಕೂ ಇಂಥದೊಂದು ಮನೆಯಿರಬೇಕೆಂಬುದು ಅವರ ಆಸೆಯಾಗಿತ್ತು. ಅದು ಕೈಗೂಡಲಿಲ್ಲ.

ಸಂಸ್ಥೆಯ ಕೈಗೆ ಬಂದ ಮನೆಯಲ್ಲಿ ಕೆಲವು ಸಂಗತಿಗಳು ಬದಲಾಗಲೇಬೇಕಾಯಿತು. ಪುಕ್ಕಟೆಯಾಗಿ ಬಂದುಹೋಗುತ್ತಿದ್ದ ಜಾಗಕ್ಕೆ ಈಗ ಹೊತ್ತು ಗೊತ್ತುಮಾಡಿದ ಟಿಕೆಟ್ ಪಡೆಯಬೇಕು. ಸುಟ್ಟ ರೊಟ್ಟಿಯಿಲ್ಲ, ಬಾಗಿಲು ತೆರೆಯುವವರು ಮನೆಯೊಡೆಯರಲ್ಲ. ಆದರೆ ಗಂಟೆ ಹಾಗೆಯೇ ಇದೆ. ಕುರ್ಚಿಯ ಮೇಲೆ ಕುಳಿತುಕೊಳ್ಳಬಹುದು. ಕಲ್ಲುಗಳ ಸುರುಳಿ ಅದೇ ಮೇಜಿನ ಮೇಲಿದೆ. ಒಣಗಿದ ನಿಂಬೆಹಣ್ಣನ್ನು ತೆಗೆದು ಹೊಸದನ್ನು ಇಡುವವರು ಇದ್ದಾರೆ. ಎರವಲಿಗೆಂದೇ ಬೇರೆ ಇರಿಸಿದ ಚಿತ್ರಗಳ ಸಂಗ್ರಹವೊಂದಿದೆ. ಹೊಸ ವರ್ಷದ ತರಗತಿಗಳು ಆರಂಭವಾಗುವ ಅಕ್ಟೋಬರ್ ತಿಂಗಳಲ್ಲಿ ವಿದ್ಯಾರ್ಥಿಗಳು ಬಂದು, ತಮಗೆ ಮೆಚ್ಚುಗೆಯಾದುದನ್ನು ಆರಿಸಿ, ತಮ್ಮ ಕೋಣೆಗಳಿಗೆ ಕೊಂಡೊಯ್ಯುತ್ತಾರೆ.