ಕೈಕುಲುಕಿ ಮಂಪರು ಬರಿಸುವ ವಿದ್ಯೆ: ಭಯವೆಷ್ಟು, ಸತ್ಯವೆಷ್ಟು?

ಅಪರಿಚಿತನೊಬ್ಬ ಕೈಕುಲುಕಿದ, ಮತ್ತೆ ಏನಾಯಿತೆಂದು ಗೊತ್ತಾಗಲಿಲ್ಲ, ಕೈಯ ಬಳೆ ಬಿಚ್ಚಿ ಕೊಟ್ಟುಬಿಟ್ಟೆ ಎಂಬಂಥ ಮಾತು ನಮ್ಮ ಕರಾವಳಿಯಲ್ಲಿ ಆಗಾಗ ಕೇಳಿಬರುತ್ತದೆ. ಇದು ಮಾಟವೇ, ಸೈತಾನನ ಕೆಲಸವೇ ಎಂದು ಭಕ್ತಾದಿಗಳು ನಮ್ಮಲ್ಲಿ ವಿಚಾರಿಸುವುದುಂಟು. ಆಪ್ತಸಮಾಲೋಚನೆಯಲ್ಲಿ ತೊಡಗಿರುವ ಕೆಲವರಿಗೆ ಬೇರೊಂದು ಪ್ರಶ್ನೆ: ಈ ವಿದ್ಯೆಯನ್ನು ನಾವೂ ಕಲಿತರೆ ತಪ್ಪೇನು? ಎರಡಕ್ಕೂ ಉತ್ತರಿಸುವ ಮೊದಲು ವಿಷಯವೇನೆಂದು ತಿಳಿಯುವುದು ಒಳ್ಳೆಯದು.

ಈ ಕ್ರಮವನ್ನು ಪ್ರಸಿದ್ಧಿಗೆ ತಂದವರು ಅಮೆರಿಕದ ಮನೋವೈದ್ಯ ಮಿಲ್ಟನ್ ಎರಿಕ್ಸನ್ (1901-1980). ಅವರು ಎಲ್ಲರಂತೆಯೇ ಕೈಕುಲುಕಲು ಆರಂಭಿಸುತ್ತಿದ್ದರು. ಆದರೆ ಕೈಯನ್ನು ಒಮ್ಮೆಲೇ ಬಿಡುತ್ತಿರಲಿಲ್ಲ. ಹಿಡಿತ ಮೆಲ್ಲನೆ ಸಡಿಲವಾಗುತ್ತಿತ್ತು. ಹೆಬ್ಬೆರಳು ಒಂದು ಕಡೆ ಹಗುರಾಗಿ ಒತ್ತುತ್ತಿತ್ತು, ಕಿರುಬೆರಳು ಜಾರುತ್ತ ಹೋಗುತ್ತಿತ್ತು, ನಡುಬೆರಳು ಎದುರಿನವರ ಅಂಗೈಯನ್ನು ಸೋಕಿಯೂ ಸೋಕದಂತಿರುತ್ತಿತ್ತು. ಕೈ ಯಾವಾಗ ಬಿಡುಗಡೆಯಾಯಿತೆಂದು ಆ ವ್ಯಕ್ತಿಗೇ ತಿಳಿಯುತ್ತಿರಲಿಲ್ಲ. ಕೈ ಗಾಳಿಯಲ್ಲಿ ಹಾಗೆಯೇ ನಿಂತುಬಿಡುತ್ತಿತ್ತು.

ಕೈಕುಲುಕುವುದು ನಮಗೆ ಯೋಚಿಸದೆ ಬರುವ ಅಭ್ಯಾಸ. ಕೈ ಚಾಚು, ಹಿಡಿ, ಅಲುಗಿಸು, ಬಿಡು: ಇವು ಒಂದೇ ಸರಪಳಿ. ಅದು ನಡುವೆ ತುಂಡಾದರೆ ಮನಸ್ಸು ಕ್ಷಣಕಾಲ ತಬ್ಬಿಬ್ಬಾಗಿ, ಮುಂದೇನು ಎಂದು ಕಾಯುತ್ತದೆ, ಗಮನವೆಲ್ಲ ಆ ಕೈಯಲ್ಲೇ ನೆಡುತ್ತದೆ. ಆಗ ಮೃದುವಾಗಿ ಹೇಳಿದ ಮಾತು ಬೇಗ ನಾಟುತ್ತದೆ. ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟು ನೆಲ ಸಿಕ್ಕಾಗ ಆಗುವಂಥದ್ದೇ ಇದು. ಆದರೆ ಎರಿಕ್ಸನ್ ಮುಂದಿದ್ದವರು ಹೆಚ್ಚಾಗಿ ಚಿಕಿತ್ಸೆಗೆ ಬಂದವರು ಅಥವಾ ಸಮ್ಮೋಹನ ಕಲಿಯಲು ಬಂದ ವೈದ್ಯರು, ಅಂದರೆ ಏನೋ ಆಗಲಿದೆಯೆಂದು ನಿರೀಕ್ಷಿಸಿದ್ದವರು. ಎಲ್ಲರೂ ಒಂದೇ ರೀತಿ ಸಮ್ಮೋಹನಕ್ಕೆ ಒಳಗಾಗುವುದಿಲ್ಲ. ಕೆಲವರಿಗೆ ಏನೂ ಆಗುವುದಿಲ್ಲ.

ಈ ವಿಷಯದಲ್ಲಿ ನಾವು ಮರೆಯಬಾರದ ಹೆಸರೊಂದಿದೆ, ಅದೂ ನಮ್ಮದೇ ಕೊಂಕಣ ಕರಾವಳಿಯ ಧರ್ಮಗುರುವಿನದು. ಗೋವಾದ ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿ, ರೋಮಿನಲ್ಲಿ 1780ರಲ್ಲಿ ಗುರುದೀಕ್ಷೆ ಪಡೆದ ಜೊಜೆ ಕುಸ್ತೊದಿಯೊ ದೆ ಫಾರಿಯಾ ಅವರು ‘ಆಬೆ ಫಾರಿಯಾ’ ಎಂದೇ ಪ್ರಸಿದ್ಧರು. ಆ ಕಾಲದಲ್ಲಿ ಮೆಸ್ಮರ್ ಎಂಬ ವೈದ್ಯನ ಅನುಯಾಯಿಗಳು, ಸಮ್ಮೋಹಿಸುವವನ ಕೈಯಿಂದ ಯಾವುದೋ ಕಾಂತದ್ರವ ಹರಿಯುತ್ತದೆ ಎನ್ನುತ್ತಿದ್ದರು. ಪ್ಯಾರಿಸಿನಲ್ಲಿ 1813ರಿಂದ ಪ್ರಯೋಗ ನಡೆಸಿದ ಫಾರಿಯಾ ಇದನ್ನು ಒಪ್ಪಲಿಲ್ಲ. ದ್ರವವೂ ಇಲ್ಲ, ಸಮ್ಮೋಹಿಸುವವನಲ್ಲಿ ವಿಶೇಷ ಶಕ್ತಿಯೂ ಇಲ್ಲ, ಮಂಪರು ಹುಟ್ಟುವುದು ಮಲಗುವವನ ಏಕಾಗ್ರತೆಯಿಂದಲೇ ಎಂದು ಬೋಧಿಸಿದರು. ಅಪಹಾಸ್ಯಕ್ಕೆ ಗುರಿಯಾಗಿ, ಧರ್ಮಸಭೆಯವರಿಂದಲೂ ಟೀಕೆ ಕೇಳಿ, 1819ರಲ್ಲಿ ತೀರಿಕೊಂಡರು. ಪಣಜಿಯಲ್ಲಿ ಮಾಂಡವಿ ನದಿಯ ಸಮೀಪ ಅವರ ಪ್ರತಿಮೆ ಇದೆ. ಕೈಗಳನ್ನು ಚಾಚಿ ನಿಂತ ಗುರು, ಕೆಳಗೆ ಒರಗುತ್ತಿರುವ ಮಹಿಳೆ. ನೋಡಿದವರಿಗೆ ಶಕ್ತಿಯೆಲ್ಲ ಆ ಕೈಗಳಿಂದಲೇ ಹರಿದಂತೆ ಕಾಣುತ್ತದೆ. ಅವರು ಜೀವಮಾನವಿಡೀ ಹೇಳಿದ್ದು ಇದರ ವಿರುದ್ಧವನ್ನು!

ಆದ್ದರಿಂದ ಕೈಕುಲುಕಿ ವಶಮಾಡಿಕೊಂಡರೆಂಬ ಕಳವಿನ ಕಥೆಗಳನ್ನು ನಾವು ತುಸು ನಿಧಾನಿಸಿ ಕೇಳಬೇಕು. ಗಮನ ಬೇರೆಡೆ ಸೆಳೆದು ಮೋಸ ಮಾಡುವುದು ಹಳೆಯ ಕಸುಬು. ರೈಲಿನಲ್ಲಿ ಅಪರಿಚಿತರು ಕೊಟ್ಟ ಬಿಸ್ಕತ್ತು, ಚಹಾದಲ್ಲಿ ಮತ್ತಿನ ಔಷಧಿ ಬೆರೆತಿರುವುದೂ ಉಂಟು. ಮೋಸಹೋದವರು ನಾಚಿಕೆಯಿಂದ ‘ವಶ ಮಾಡಿದರು’ ಎಂದರೆ ಅವರನ್ನು ಗೇಲಿ ಮಾಡಬಾರದು. ಆದರೆ ಮಾಟ ತೆಗೆಯುವವರ ಮನೆಗೆ ಕಳುಹಿಸುವ ಬದಲು ಪೊಲೀಸ್ ಠಾಣೆಗೆ ಕರೆದೊಯ್ಯಬೇಕು.

ಧರ್ಮಸಭೆಯ ನಿಲುವೇನು? ಹೋಲಿ ಆಫೀಸ್ 1856ರಲ್ಲಿ ಖಂಡಿಸಿದ್ದು ಕಾಂತವಿದ್ಯೆಯ ದುರುಪಯೋಗವನ್ನು, ಮುಖ್ಯವಾಗಿ ಕಾಣದ್ದನ್ನು ಕಾಣುತ್ತೇವೆ, ಸತ್ತವರನ್ನು ಕರೆಯುತ್ತೇವೆ ಎನ್ನುವ ಮೋಸವನ್ನು. ಪೋಪ್ ಹನ್ನೆರಡನೇ ಪಿಯುಸ್ ಅವರು 1957ರ ಫೆಬ್ರವರಿ 24ರಂದು ಅರಿವಳಿಕೆ ತಜ್ಞರಿಗೆ ನೀಡಿದ ಉಪನ್ಯಾಸದಲ್ಲಿ, ವೈದ್ಯರು ಚಿಕಿತ್ಸೆಗಾಗಿ ವಿಜ್ಞಾನ ಮತ್ತು ವೈದ್ಯನೀತಿಗೆ ಬದ್ಧರಾಗಿ ಬಳಸುವ ಸಮ್ಮೋಹನವನ್ನು ಒಪ್ಪಿದರು. ಈ ಮಾತನ್ನು ಸಮ್ಮೋಹನದ ಎಲ್ಲಾ ಬಗೆಗಳಿಗೂ ಅನ್ವಯಿಸಬಾರದೆಂದೂ ಎಚ್ಚರಿಸಿದರು.

ಕೈಕುಲುಕುವ ವಿಧಾನದ ತೊಡಕು ಇಲ್ಲಿಯೇ ಇದೆ. ಬಾಯಿಬಿಟ್ಟು ಕೇಳುವ ಮೊದಲೇ ಅದು ಕೆಲಸ ಆರಂಭಿಸುತ್ತದೆ. ನಮಸ್ಕಾರಕ್ಕೆಂದು ಚಾಚಿದ ಕೈ ಒಪ್ಪಿಗೆಯಲ್ಲ. ಎರಿಕ್ಸನ್ನರ ಜಾಣ್ಮೆಯನ್ನು ಮೆಚ್ಚುತ್ತಲೇ ನಾವು ಈ ಮಾತು ಹೇಳುತ್ತೇವೆ. ದುಃಖ ತೋಡಿಕೊಳ್ಳಲು ಬಂದವಳ ಮೇಲೆ ಸಮಾಲೋಚಕರು ಇದನ್ನು ಪ್ರಯೋಗಿಸಿದರೆ, ಉದ್ದೇಶ ಎಷ್ಟೇ ಒಳ್ಳೆಯದಾಗಿರಲಿ, ಅದು ಅವಳ ಸ್ವಾತಂತ್ರ್ಯದ ಮೇಲೆ ಕೈಮಾಡಿದಂತೆ. ಮಂಪರಿನಲ್ಲಿ ‘ನೆನಪಾದ’ ಸಂಗತಿಗಳು ನಿಜವಾಗಿರಲೇಬೇಕೆಂದಿಲ್ಲ ಎಂಬುದೂ ಗೊತ್ತಿರಲಿ. ಸುಳ್ಳು ನೆನಪಿನಿಂದ ಮನೆಗಳು ಒಡೆಯಬಹುದು.

ಪ್ರಾರ್ಥನಾಕೂಟ ನಡೆಸುವವರಿಗೂ ಇದು ಸಂಬಂಧಿಸಿದೆ. ಹಣೆಯ ಮೇಲೆ ಕೈಯಿಟ್ಟೊಡನೆ ಜನ ಹಿಂದಕ್ಕೆ ಬಿದ್ದರೆ ಅದನ್ನೆಲ್ಲ ಪವಿತ್ರಾತ್ಮರ ಕಾರ್ಯವೆಂದು ಕೂಡಲೇ ಸಾರಬಾರದು. ನಿರೀಕ್ಷೆಯೂ ಮನುಷ್ಯನನ್ನು ಬೀಳಿಸುತ್ತದೆ. ಸೌಖ್ಯ ಪ್ರಾರ್ಥನೆಗಳ ಬಗ್ಗೆ ವ್ಯಾಟಿಕನ್ 2000ನೇ ಇಸವಿಯಲ್ಲಿ ಹೊರಡಿಸಿದ ಸೂಚನೆಯು, ಉನ್ಮಾದ, ಕೃತಕತೆ, ನಾಟಕೀಯತೆಗೆ ಅಲ್ಲಿ ಅವಕಾಶ ಇರಬಾರದೆಂದು ನಡೆಸುವವರಿಗೇ ಹೇಳಿದೆ.

ಇನ್ನು ಯಾರಾದರೂ ನಿಮ್ಮ ಕೈ ಹಿಡಿದು ಬಿಡದೆ ವಿಚಿತ್ರವಾಗಿ ವರ್ತಿಸಿದರೆ ಕೈಯನ್ನು ಎಳೆದುಕೊಳ್ಳಿ, ಒಂದು ಹೆಜ್ಜೆ ಹಿಂದೆ ಸರಿಯಿರಿ, ‘ಏನು ಬೇಕಿತ್ತು?’ ಎಂದು ಗಟ್ಟಿಯಾಗಿ ಕೇಳಿ. ತುಂಡಾದ ಸರಪಳಿಯನ್ನು ನೀವೇ ಮುಗಿಸಿದಂತಾಗುತ್ತದೆ. ನೋವು, ಆತಂಕಕ್ಕೆ ಸಮ್ಮೋಹನ ಚಿಕಿತ್ಸೆ ಬೇಕೆನಿಸಿದರೆ ತರಬೇತಿ ಪಡೆದ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿರಿ. ಮೊದಲು ವಿವರಿಸಿ, ನಿಮ್ಮ ಒಪ್ಪಿಗೆ ಕೇಳಿ, ಆಮೇಲೆ ಆರಂಭಿಸುವವರನ್ನೇ ಆರಿಸಿಕೊಳ್ಳಿ.